‘ಲಯಬಲ್’ ಎಂದರೆ ‘ಲಾಗುವುದು’ ಅಲ್ಲ

ಮಾನ್ಯ ಮಾಸ್ತರರಿಗೆ ಶರಣು.

ಸೇಡಂನಿಂದ ತಾವು ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಕಚೇರಿಯೊಂದರ ಗೋಡೆಗೆ ಅಂಟಿಸಿದ ಸೂಚನೆಯಲ್ಲಿ ‘ಇನ್‌ಕಂಪ್ಲೀಟ್ ಅಪ್ಲಿಕೇಶನ್ಸ್ ಆರ್ ಲಯಬಲ್ ಟು ಬಿ ರಿಜೆಕ್ಟೆಡ್’ ಎಂದೂ ಅದರ ಕೆಳಗೆ ಕನ್ನಡದಲ್ಲಿ ‘ಅಪೂರ್ಣ ಅರ್ಜಿಗಳನ್ನು ತಿರಸ್ಕರಿಸಲಾಗುವುದು’ ಎಂದೂ ಇತ್ತು. ಪಹಣಿಯ ಪ್ರತಿಯಿಲ್ಲದ ತಮ್ಮ ನೆರೆಯವರು ಕನ್ನಡದ ಸಾಲನ್ನು ಓದಿ, ಅರ್ಜಿ ಕೊಡದೆಯೇ ಊರಿಗೆ ಮರಳಿದರು. ಎರಡೂ ಸಾಲುಗಳ ಅರ್ಥ ಒಂದೆಯೇ ಎಂಬುದು ಮೊದಲ ಪ್ರಶ್ನೆ. ‘ಇಫ್ ಇಟ್ ವಿಲ್ ರೇನ್’ ಎಂದು ಬರೆದ ಮೊಮ್ಮಗಳ ಅಂಕ ಹೋದದ್ದೇಕೆ, ಮಳೆ ಮುಂದೆ ಬರುವಂಥದ್ದಲ್ಲವೇ ಎಂಬುದು ಎರಡನೆಯದು.

ಅರ್ಥ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಮುಂದಾಗುವ ಪರಿಣಾಮ ಎಷ್ಟು ಖಚಿತ ಎಂಬುದನ್ನು ಬಹುಪಾಲು ಸಹಾಯಕ ಪದಗಳೇ ಹೇಳುತ್ತವೆ. ‘ವಿಲ್ ಬಿ ರಿಜೆಕ್ಟೆಡ್’ ಎಂದರೆ ತಿರಸ್ಕಾರ ಖಂಡಿತ. ‘ಮೇ ಬಿ’ ಎಂದರೆ ಆಗಲೂಬಹುದು, ಆಗದಿರಲೂಬಹುದು. ‘ಲಯಬಲ್ ಟು ಬಿ’ ಎಂದರೆ ತಿರಸ್ಕರಿಸಲು ಕಾರಣವಿದೆ, ಆದರೆ ತೀರ್ಮಾನ ಇನ್ನೂ ಅಧಿಕಾರಿಯ ಕೈಯಲ್ಲಿದೆ. (ಕಾನೂನಿನಲ್ಲಿ ‘ಮೇ’ ಎಂಬುದನ್ನೂ ಕೆಲವೊಮ್ಮೆ ‘ಶಾಲ್’, ಅಂದರೆ ಮಾಡಲೇಬೇಕು, ಎಂದೇ ಓದಬೇಕೆಂದು ನಮ್ಮ ನ್ಯಾಯಾಲಯಗಳು ಹೇಳಿದ್ದುಂಟು, ಆದ್ದರಿಂದ ನನ್ನ ಉತ್ತರವನ್ನು ಹಿಡಿದು ಯಾರೂ ಕೋರ್ಟಿನ ಮೆಟ್ಟಿಲೇರಬಾರದು.) ನಮ್ಮ ಅನುವಾದಕರು ಈ ಮೂರಕ್ಕೂ ‘ಲಾಗುವುದು’ ಎಂಬ ಒಂದೇ ಮುದ್ರೆಯನ್ನು ಒತ್ತುತ್ತಾರೆ. ‘ವಿಲ್ ಅಟ್ರ್ಯಾಕ್ಟ್ ಪೆನಾಲ್ಟಿ’ ಎಂಬುದು ‘ದಂಡವನ್ನು ಆಕರ್ಷಿಸುತ್ತದೆ’ ಎಂದಾಗಿ ನಮ್ಮ ಮೇಜಿಗೇ ಬಂದಿತ್ತು. ದಂಡ ಬೀಳುತ್ತದೆ ಎಂದರೆ ಕಲಬುರಗಿಯ ಯಾವ ಓಣಿಯಲ್ಲೂ ತಿಳಿಯುತ್ತದೆ.

ಕನ್ನಡಕ್ಕೆ ಈ ಸೂಕ್ಷ್ಮ ಇಲ್ಲವೆಂದಲ್ಲ. ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕರೆಯುವ ‘ಬಂದೀತು, ಬಿದ್ದಾನು’ ಎಂಬ ರೂಪಗಳು ಇಂಥ ಸಂದರ್ಭಕ್ಕೆಂದೇ ಇರುವಂಥವು. ‘ಟೇಕ್ ಆನ್ ಅಂಬ್ರೆಲಾ ಇನ್ ಕೇಸ್ ಇಟ್ ರೇನ್ಸ್’ ಎಂಬುದನ್ನು ‘ಮಳೆ ಬಂದರೆ ಛತ್ರಿ ತೆಗೆದುಕೊಂಡು ಹೋಗು’ ಎಂದು ಅನುವಾದಿಸಿದರೆ, ಮಳೆ ಶುರುವಾಗುವವರೆಗೆ ಹುಡುಗ ಬಾಗಿಲಲ್ಲೇ ಕಾಯಬೇಕಾಗುತ್ತದೆ. ನಮ್ಮ ಮನೆಯ ಹಿರಿಯರು ‘ಮಳಿ ಬಂದಗಿಂದೀತು, ಛತ್ರಿ ತಗೊಂಡ್ ಹೋಗು’ ಎನ್ನುತ್ತಾರೆ. ‘ಇನ್ ಕೇಸ್’ ಎಂಬುದರ ಅರ್ಥವೆಲ್ಲ ಆ ‘ಬಂದಗಿಂದೀತು’ ಎಂಬ ಒಂದು ಮಾತಿನಲ್ಲಿ ಬಂದುಬಿಡುತ್ತದೆ. ‘ಅನ್‌ಲೆಸ್’ ಎಂಬುದು ನಮ್ಮ ‘-ದಿದ್ದರೆ’ಯಂತೆ ‘ಇಲ್ಲ’ ಎಂಬ ಅರ್ಥವನ್ನು ತನ್ನೊಳಗೇ ಇಟ್ಟುಕೊಂಡಿದೆ. ‘ಅನ್‌ಲೆಸ್ ಯು ಡೋಂಟ್ ಪೇ’ ಎಂದು ಬರೆಯುವವರು ಹಣ ಕಟ್ಟಿದವರನ್ನೇ ಹೆದರಿಸಿದಂತಾಗುತ್ತದೆ.

ಇನ್ನು ಮೊಮ್ಮಗಳ ಮಾತು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಷರತ್ತಿನ ಭಾಗ ವರ್ತಮಾನದಲ್ಲಿರುತ್ತದೆ, ‘ವಿಲ್’ ಪರಿಣಾಮದ ಭಾಗಕ್ಕೆ ಮಾತ್ರ ಬರುತ್ತದೆ: ‘ಇಫ್ ಇಟ್ ರೇನ್ಸ್, ವಿ ವಿಲ್ ಸೋ ತೊಗರಿ.’ ಇದು ವಿಚಿತ್ರವೆನಿಸಿದರೆ ನಮ್ಮ ‘ಬಂದರೆ’ಯನ್ನು ನೋಡಬೇಕು, ನಾಳೆಯ ಮಳೆಯ ಬಗ್ಗೆ ಹೇಳುವಾಗಲೂ ನಾವು ‘ಬಂದ’ ಎಂಬ ಭೂತಕಾಲದ ರೂಪಕ್ಕೇ ‘-ರೆ’ ಹಚ್ಚುತ್ತೇವೆ, ಯಾರೂ ಅಂಕ ಕಳೆಯುವುದಿಲ್ಲ. ‘ವಿಲ್’ ಎಂಬುದಕ್ಕೆ ಹಿಂದೆ ಇಚ್ಛಿಸು ಎಂಬ ಅರ್ಥವಿತ್ತು, ‘ಇಫ್ ಯು ವಿಲ್ ವೇಟ್’ ಎಂಬ ವಿನಯದ ಮಾತಿನಲ್ಲಿ ಅದು ಇನ್ನೂ ಉಳಿದಿದೆ. ಹಾಗೆ ನೋಡಿದರೆ ತಮ್ಮ ಮೊಮ್ಮಗಳು ಬರೆದದ್ದು ‘ಮಳೆ ಮನಸ್ಸು ಮಾಡಿದರೆ’ ಎಂದಾಗುತ್ತದೆ. ಪರೀಕ್ಷಕರು ಒಪ್ಪಲಿಲ್ಲ, ತೊಗರಿ ಬಿತ್ತುವ ನಮ್ಮ ರೈತರು ಒಪ್ಪುತ್ತಿದ್ದರೇನೋ.

ನೆರೆಯವರಿಗೆ ಇಷ್ಟು ತಿಳಿಸಿರಿ: ಪಹಣಿ ಸಿಗುವವರೆಗೆ ಕಾಯದೆ ಈಗಲೇ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಪಹಣಿಯನ್ನು ಆಮೇಲೆ ಲಗತ್ತಿಸಲು ಅವಕಾಶವಿದೆಯೇ ಎಂದು ಕೇಳಲಿ. ತಾವು ಕಳಿಸಿದ ನಕಲಿನ ಕೊನೆಯ ಸಾಲು, ದಿನಾಂಕ ಮೀರಿ ಬಂದ ಅರ್ಜಿಗಳು ‘ವಿಲ್ ನಾಟ್ ಬಿ ಎಂಟರ್‌ಟೇನ್ಡ್’, ಅಂದರೆ ಪರಿಗಣಿಸುವುದೇ ಇಲ್ಲ, ಎನ್ನುತ್ತದೆ. ಅಲ್ಲಿ ‘ಲಯಬಲ್’ ಇಲ್ಲ.

– ಸಂಪಾದಕ