ಹದಿಮೂರರ ಮಗನಿಗೆ ನಾನೇ ಸಂಗೀತ ಕಲಿಸಲೋ, ಬೇರೆ ಗುರುಗಳ ಹತ್ತಿರ ಬಿಡಲೋ?

ನಿಮ್ಮ ಪ್ರಶ್ನೆಯಲ್ಲಿ ‘ಇತ್ತೀಚೆಗೆ ತಾರ ಷಡ್ಜಕ್ಕೆ, ಆ ಮೇಲಿನ ಸಾಗೆ, ಹೋದರೆ ಬೇಕಂತಲೇ ಒರಟಾಗಿ ಹಾಡ್ತಾನೆ, ಶಿಸ್ತು ಸಾಲದು’ ಅಂತ ಒಂದು ಸಾಲಿದೆಯಲ್ಲ, ಅದನ್ನು ಓದಿ ಫೋನ್ ಕೆಳಗಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನೀವೂ ಸಂಗೀತದ ಮೇಷ್ಟ್ರು, ಮನೆಯಲ್ಲೇ ಪಾಠ, ಮಗನಿಗೆ ಈ ವರ್ಷವೇ ಜೂನಿಯರ್ ಪರೀಕ್ಷೆ ಕಟ್ಟಿಸಬೇಕು ಅಂತಿದ್ದೀರಿ. 2010ರಲ್ಲಿ ನಾನು ಇದ್ದದ್ದೂ ಇದೇ ಜಾಗದಲ್ಲಿ. ಗದುಗಿನ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದ ವರ್ಷ ಅದು, ಹಾಗಾಗಿ ಇಸವಿ ಮರೆಯೋದಿಲ್ಲ.

ನಾನು ದಾವಣಗೆರೆಯವನು, ಮನೆ ನಿಟ್ಟುವಳ್ಳಿಯಲ್ಲಿ. ಅಪ್ಪ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ನಮ್ಮ ಗುರುಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು, ಕಣ್ಣು ಕಾಣುತ್ತಿರಲಿಲ್ಲ. ನನಗೆ ಕಛೇರಿ ಮಾಡುವ ಆಸೆ ಇತ್ತು. ಮದುವೆಯಾಯಿತು, ಮಗ ಹುಟ್ಟಿದ, ಅಮ್ಮ ಹಾಸಿಗೆ ಹಿಡಿದರು. ಊರೂರು ಅಲೆಯುವುದು ಬೇಡ ಅಂತ ನಿರ್ಧಾರ ಮಾಡಿ ಬೆಳಿಗ್ಗೆ ಶಾಲೆಯಲ್ಲಿ, ಸಂಜೆ ಮನೆಯಲ್ಲಿ ಪಾಠ ಹೇಳುತ್ತಾ ಉಳಿದೆ. ಅದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಸಂಜೆ ಐದಕ್ಕೆ ಚಾಪೆ ಹಾಸಿದರೆ ಎಂಟರವರೆಗೆ ಮಕ್ಕಳು. ಒಳಗೆ ಒಲೆಯ ಮೇಲೆ ಸಾರು ಕುದಿಯೋದು, ಹೊರಗೆ ಭೂಪಾಲಿ ರಾಗ. ಮಗ ಆ ಚಾಪೆಯ ಮೇಲೇ ಬೆಳೆದ. ಐದನೇ ವಯಸ್ಸಿಗೆ ತಂಬೂರಿಯ ಜೋಡ ತಂತಿ ಒಂಚೂರು ಇಳಿದಿದ್ದರೂ ಹೇಳುತ್ತಿದ್ದ. ಅಷ್ಟು ಒಳ್ಳೆಯ ಕಿವಿ ನನ್ನ ಶಿಷ್ಯರಲ್ಲಿ ಇನ್ಯಾರಿಗೂ ಇರಲಿಲ್ಲ.

ಅವನಿಗೆ ಹದಿಮೂರು ದಾಟಿತು. ಗಂಟಲು ಒಡೆದದ್ದು ನನಗೆ ಗೊತ್ತಾಗಲಿಲ್ಲ ಅಂದರೆ ಸುಳ್ಳಾಗುತ್ತೆ. ಬೆಳಿಗ್ಗೆ ಹಾಲು ತಂದು ‘ಅಮ್ಮಾ’ ಅಂತ ಕರೆದರೆ ‘ಅ’ ಹಾರ್ಮೋನಿಯಂನ ಒಂದು ಮನೆಯಲ್ಲಿ, ‘ಮ್ಮಾ’ ನಾಲ್ಕು ಮನೆ ಕೆಳಗೆ. ಇದು ಮೈ ಬೆಳೆಯುವ ಲೆಕ್ಕ. ಧ್ವನಿಪೆಟ್ಟಿಗೆ ದೊಡ್ಡದಾಗುತ್ತೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ತಂಬೂರಿಯಲ್ಲಿ ಕೆಳಗಿನ ಸಾ ಕೊಡುವ ಖರ್ಜದ ತಂತಿ ದಪ್ಪ ಇರುತ್ತಲ್ಲ, ಹಾಗೆ. ಗಂಡುಮಕ್ಕಳ ದನಿ ಹೆಚ್ಚುಕಮ್ಮಿ ಒಂದು ಸಪ್ತಕ, ಅಂದರೆ ಮೇಲಿನ ಸಾ ಇಂದ ಕೆಳಗಿನ ಸಾ ತನಕದಷ್ಟು, ಕೆಳಗಿಳಿಯುತ್ತೆ, ಇಳಿದು ಕೂರೋಕೆ ತಿಂಗಳುಗಟ್ಟಲೆ ಬೇಕು. ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತೆ. ಇದೆಲ್ಲ ಗೊತ್ತಿದ್ದೂ ನಾನು ಹಾರ್ಮೋನಿಯಂನ ಕರಿ ಐದರಲ್ಲೇ, ಎಳೆಯ ಗಂಟಲಿಗೆ ಹೊಂದುವ ಎತ್ತರದ ಶ್ರುತಿಯಲ್ಲೇ, ಅವನನ್ನು ಹಾಡಿಸಿದೆ.

ಯಾಕೆ ಅಂತ ಹದಿನೈದು ವರ್ಷದಿಂದ ಯೋಚಿಸಿದ್ದೇನೆ. ಆ ಬ್ಯಾಚಿನಲ್ಲಿ ಇದ್ದವರೆಲ್ಲ ಸಣ್ಣ ಮಕ್ಕಳು ಮತ್ತು ಹೆಣ್ಣುಮಕ್ಕಳು, ಅವರಿಗೆ ಕರಿ ಐದು ಸರಿಯಾಗಿತ್ತು. ಒಬ್ಬನಿಗೋಸ್ಕರ ಶ್ರುತಿ ಬದಲಿಸೋದು ಹೇಗೆ ಅಂದುಕೊಂಡೆ. ಮಾತು ಇಷ್ಟೇ ಆಗಿದ್ದರೆ ಅವನಿಗೆ ಬೇರೆ ಹೊತ್ತು ಕೊಡಬಹುದಿತ್ತು, ಕೊಡಲಿಲ್ಲ. ಯಾಕಂದರೆ ಆ ವರ್ಷ ಪರೀಕ್ಷೆಗೆ ಆರು ಮಕ್ಕಳು ಕಟ್ಟಿದ್ದರು, ‘ನಮ್ಮ ಹುಡುಗನೂ ಕಟ್ಟಿದ್ದಾನೆ’ ಅಂತ ಅವರ ತಂದೆತಾಯಿಗಳ ಹತ್ತಿರ ಹೇಳಿಬಿಟ್ಟಿದ್ದೆ. ಮೇಷ್ಟ್ರ ಮಗನೇ ಹಿಂದೆ ಉಳಿದ ಅಂದುಕೊಂಡಾರು ಅನ್ನೋ ಭಯ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದೇ ವರ್ಷ ಪಕ್ಕದ ಬೀದಿಯ ಹುಡುಗನೊಬ್ಬನ ದನಿ ಒಡೆದಾಗ ನಾನೇ ಅವರ ತಾಯಿಯನ್ನು ಕರೆದು, ‘ಆರು ತಿಂಗಳು ಹಾಡಿಸೋದು ಬೇಡಮ್ಮ, ತಬಲಾ ಕೂರಿಸ್ತೀನಿ’ ಅಂದಿದ್ದೆ. ನನಗೂ ಹದಿನಾಲ್ಕರಲ್ಲಿ ಗುರುಗಳು ಹಾಗೇ ಮಾಡಿದ್ದರು. ನನ್ನ ದನಿ ಕೇಳಿ ಅರ್ಧಕ್ಕೆ ಕೈ ಎತ್ತಿ ನಿಲ್ಲಿಸಿ, ‘ದನಿ ಬರೋತನಕ ಲಯ ಕಲಿ’ ಅಂತ ಒಂದು ವರ್ಷ ಪೂರ್ತಿ ತಬಲಾ ಮುಂದೆ ಕೂರಿಸಿದರು. ಗುರುಗಳು ನನಗೆ ಕೊಟ್ಟ ವರ್ಷವನ್ನು ನಾನು ಪಕ್ಕದ ಬೀದಿಯ ಹುಡುಗನಿಗೂ ಕೊಟ್ಟೆ, ನನ್ನ ಮಗನಿಗೆ ಕೊಡಲಿಲ್ಲ.

ಆ ಸಂಜೆ ಭೂಪಾಲಿಯ ಬಂದಿಶ್, ಅಂದರೆ ಆ ರಾಗದಲ್ಲಿ ಕಟ್ಟಿದ ಹಾಡು. ಗಾ ಪಾ ಧಾ ತನಕ ಹೇಗೋ ಹತ್ತಿದ, ತಾರ ಸಾ ಮುಟ್ಟುವಾಗ ದನಿ ಒಡೆಯಿತು. ಮುಂದೆ ಕೂತಿದ್ದ ಇಬ್ಬರು ಹುಡುಗಿಯರು ನಕ್ಕರು. ‘ಇನ್ನೊಂದ್ಸಲ’ ಅಂದೆ. ಮತ್ತೆ ಒಡೆಯಿತು. ‘ಇನ್ನೊಂದ್ಸಲ.’ ಎಷ್ಟು ಸಲ ಅಂದೆನೋ ಲೆಕ್ಕ ಇಲ್ಲ. ಅವನು ಎಡಗೈಯಲ್ಲಿ ಗಂಟಲು ಹಿಡಿದುಕೊಂಡಿದ್ದ, ಕತ್ತಿನ ನರ ಉಬ್ಬಿತ್ತು. ನಮ್ಮ ಮನೆಯವರು ಅಡುಗೆಮನೆಯಿಂದ ಬಂದು, ಒಂದು ಮಾತೂ ಆಡದೆ, ಬಗ್ಗಿ ಹಾರ್ಮೋನಿಯಂನ ತಿದಿ ಮುಚ್ಚಿದರು. ಮದುವೆಯಾದಾಗಿನಿಂದ ಒರೆಸೋಕೆ ಬಿಟ್ಟರೆ ಆ ಪೆಟ್ಟಿಗೆಯನ್ನು ಮುಟ್ಟಿದವರಲ್ಲ.

ಮಾರನೇ ದಿನ ಮಗನಿಗೆ ದನಿಯೇ ಇಲ್ಲ. ಕಿವಿ ಮೂಗು ಗಂಟಲು ಡಾಕ್ಟರು ನೋಡಿ ಧ್ವನಿತಂತುಗಳು ಊದಿಕೊಂಡಿವೆ ಅಂದರು. ಮಾತಾಡಬಾರದು, ಪಿಸುಮಾತೂ ಬೇಡ, ಅದರಿಂದಲೂ ಗಂಟಲಿಗೆ ತ್ರಾಸ ಅಂತ ಹೇಳಿ ಕಳಿಸಿದರು. ಮನೆಗೆ ಬಂದು ಅವನು ಸ್ಲೇಟಿನ ಮೇಲೆ ಬರೆದು ತೋರಿಸಿದ ಮೊದಲ ಮಾತು ‘ಪರೀಕ್ಷೆಗೆ ಹೋಗ್ಬೇಕಾ?’ ಹಸಿವಾಗಿದೆ ಅಂತಲ್ಲ, ನೋವಾಗ್ತಿದೆ ಅಂತಲ್ಲ. ಕೆಲವೇ ವಾರಗಳಲ್ಲಿ ಗಂಟಲು ವಾಸಿಯಾಯಿತು. ವರ್ಷ ಕಳೆಯುವಷ್ಟರಲ್ಲಿ ತುಂಬಿದ, ಗಟ್ಟಿ ಗಂಡುದನಿ ಬಂತು, ಕರಿ ಒಂದರ ತಗ್ಗಿನ ಶ್ರುತಿಗೆ ಹೇಳಿಮಾಡಿಸಿದಂಥದ್ದು. ಅದರಲ್ಲಿ ಅವನು ಹಾಡಿದ್ದನ್ನು ನಾನು ಕೇಳಿಲ್ಲ. ಐದಕ್ಕೆ ಚಾಪೆ ಹಾಸುವಾಗ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ. ನಾನು ಕರೆಯಲೂ ಇಲ್ಲ.

ಈಗ ನಿಮ್ಮ ಪ್ರಶ್ನೆ. ನೀವು ಕಲಿಸಬೇಕೋ ಬೇರೆ ಗುರುಗಳೋ ಅಂತ ಕೇಳಿದ್ದೀರಿ. ಈ ವರ್ಷ ಇಬ್ಬರೂ ಬೇಡ. ಯಾರೂ ಅವನಿಗೆ ಬಂದಿಶ್ ಕಲಿಸಬೇಡಿ, ಪರೀಕ್ಷೆಯ ಫಾರಂ ತುಂಬಿದ್ದರೆ ಆ ದುಡ್ಡು ಹೋಗಲಿ ಬಿಡಿ. ಅವನಿಗೆ ಶಿಸ್ತು ಕಮ್ಮಿಯಾಗಿಲ್ಲ, ಗಂಟಲು ಬೆಳೆಯುತ್ತಿದೆ. ತಬಲಾ ಕೊಡಿ, ತೀನ್‌ತಾಲದ ಹದಿನಾರು ಮಾತ್ರೆ ಕೈಗೆ ಕೂರಲಿ, ಒಂಬತ್ತನೇ ಮಾತ್ರೆಯ ಖಾಲಿ, ಆ ಚಪ್ಪಾಳೆ ಬೀಳದ ಜಾಗ, ಎಲ್ಲಿ ಬಂತು ಅಂತ ಕಣ್ಣು ಮುಚ್ಚಿ ಹೇಳುವಂತಾಗಲಿ. ತಂಬೂರಿ ಶ್ರುತಿ ಮಾಡಿಸಿ. ಹಾಡಬೇಕು ಅಂತ ಅವನೇ ಬಂದರೆ, ಮಾತಾಡುವ ದನಿ ಎಲ್ಲಿದೆಯೋ ಅಲ್ಲೇ ಶ್ರುತಿ ಹಿಡಿದು, ಹತ್ತು ನಿಮಿಷ ಮೆತ್ತಗೆ ಹಾಡಿಸಿ ನಿಲ್ಲಿಸಿ. ಮೇಲಕ್ಕೆ ಹತ್ತಿಸಬೇಡಿ.

ದನಿ ಕೂತ ಮೇಲೆ ಬೇರೆಯವರ ಹತ್ತಿರವೇ ಕಳಿಸಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮಲ್ಲಿಕಾರ್ಜುನ ಮನ್ಸೂರರ ಹತ್ತಿರವೇ ಮಗ ರಾಜಶೇಖರ ಮನ್ಸೂರರು ಕಲಿತು, ಅಪ್ಪನ ಜೊತೆ ವೇದಿಕೆ ಮೇಲೆ ಹಾಡಿದರಲ್ಲ ಅಂತ ನೀವು ಕೇಳಬಹುದು. ನಿಜ. ಅಂಥ ಮನೆಗಳು ಇವೆ. ಆದರೆ ನಿಮ್ಮ ಮಗನಿಗೆ ದನಿ ಒಡೆದಾಗ ‘ಬೇಕಂತಲೇ ಮಾಡ್ತಾನೆ’ ಅಂತ ಅನಿಸಿತಲ್ಲ ನಿಮಗೆ, ಬೇರೆಯವರ ಮಗನ ಬಗ್ಗೆ ಹಾಗೆ ಅನಿಸುತ್ತಿತ್ತೇ? ನನಗಂತೂ ಅನಿಸುತ್ತಿರಲಿಲ್ಲ.

ನನ್ನ ಮಗ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ನಮ್ಮೂರ ದುಗ್ಗಮ್ಮನ ಜಾತ್ರೆಗೆ ತಪ್ಪದೆ ಬರುತ್ತಾನೆ. ಬಂದಾಗ ತಂಬೂರಿಯ ಶ್ರುತಿ ಇಳಿದಿದ್ದು ಕಂಡರೆ, ಕೇಳದೆಯೇ ಗೋಡೆಯಿಂದ ಇಳಿಸಿ, ನಾದ ಝೇಂಕರಿಸೋಕೆ ತಂತಿಯ ಕೆಳಗಿಡುವ ಜೀವಾಳದ ದಾರ ಸರಿಮಾಡಿ, ನಾಲ್ಕೂ ತಂತಿ ಕೂಡಿಸುತ್ತಾನೆ. ನನಗಿಂತ ಚೆನ್ನಾಗಿ ಕೂಡಿಸುತ್ತಾನೆ. ಒಂದೆರಡು ಸಲ ಮೀಟಿ, ಕಿವಿಗೊಟ್ಟು ಕೇಳಿ, ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋಗುತ್ತಾನೆ.

ಇವತ್ತು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಗನನ್ನು ಸುಮ್ಮನೆ ಮಾತಾಡಿಸಿ, ಪರೀಕ್ಷೆಯ ಸುದ್ದಿ ಬೇಡ. ಅವನ ಮಾತಿನ ದನಿ ಹಾರ್ಮೋನಿಯಂನಲ್ಲಿ ಯಾವ ಮನೆಗೆ ಬರುತ್ತೆ ಅಂತ ಆಮೇಲೆ ನೀವೊಬ್ಬರೇ ಒತ್ತಿ ನೋಡಿ, ನನಗೆ ಬರೆಯಿರಿ. ಎಲ್ಲಿಂದ ಶುರು ಮಾಡಬಹುದು ಅಂತ ಇಬ್ಬರೂ ಕೂತು ನೋಡೋಣ.