ಚಿಕ್ಕ ನಗರದ ಮನೆ ಬೆಲೆ ಒಂದು ತಿಂಗಳು ಏರಿ ಮರುತಿಂಗಳು ಇಳಿದರೆ ಯಾವುದನ್ನು ನಂಬಬೇಕು?

ನಿಮ್ಮ ನಗರದ ಮಾಸಿಕ ವರದಿಯಲ್ಲಿ ಮನೆಗಳ ಮಧ್ಯಾಂಕ ಬೆಲೆ (ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವುದು) ಒಂದು ತಿಂಗಳು ಶೇಕಡಾ 20ರಷ್ಟು ಏರಿ, ಮರುತಿಂಗಳು ಹೆಚ್ಚುಕಡಿಮೆ ಮೊದಲಿದ್ದಲ್ಲಿಗೇ ಇಳಿದಿದೆ, ಮನೆ ಕೊಳ್ಳಲು ಹೊರಟ ನಾನು ಇದರಲ್ಲಿ ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಎರಡನ್ನೂ ನಂಬಬೇಡಿ ಎಂಬುದೇ ನನ್ನ ಉತ್ತರ. ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಆ ತಿಂಗಳು ಒಟ್ಟು ಎಷ್ಟು ಮನೆಗಳು ಮಾರಾಟವಾದವು ಎಂಬ ಸಂಖ್ಯೆಯನ್ನು. ಅದು ಹತ್ತಿಪ್ಪತ್ತರ ಆಸುಪಾಸಿನಲ್ಲಿದ್ದರೆ ಪಕ್ಕದಲ್ಲಿರುವ ಶೇಕಡಾವಾರು ಏರಿಳಿತವನ್ನು ಬದಿಗಿಟ್ಟು ಮುಂದಕ್ಕೆ ಹೋಗುತ್ತೇನೆ.

ಕಾರಣವನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ತಿಂಗಳಲ್ಲಿ ಒಂಬತ್ತು ಮನೆಗಳು ಮಾರಾಟವಾಗಿವೆ, ಅವುಗಳ ಬೆಲೆ ಯಾವುದೋ ಒಂದು ಮಾನದಲ್ಲಿ 22, 24, 25, 27, 30, 33, 36, 40, 45 ಎಂದಿಟ್ಟುಕೊಳ್ಳಿ. ನಡುವಿನ ಬೆಲೆ, ಅಂದರೆ ಮಧ್ಯಾಂಕ, 30. ಮರುತಿಂಗಳು ಅಗ್ಗದ ಎರಡು ಮನೆಗಳಂಥವು ಮಾರಾಟಕ್ಕೆ ಬರಲಿಲ್ಲ. ಅವುಗಳ ಬದಲು ಹೊಸ ಬಡಾವಣೆಯಲ್ಲಿ 41ಕ್ಕೂ 44ಕ್ಕೂ ಎರಡು ಮನೆಗಳು ಹೋದವು. ಉಳಿದ ಏಳು ಹಿಂದಿನ ತಿಂಗಳಿನಂಥವೇ, ಅದೇ ಬೆಲೆಗೆ ಹೋದವು. ಈಗ ಮಧ್ಯಾಂಕ 36. ಊರಿನಲ್ಲಿ ಒಂದೇ ಒಂದು ಮನೆಯ ಬೆಲೆಯೂ ಏರಿಲ್ಲ, ಆದರೂ ವರದಿ ಶೇಕಡಾ 20ರ ಏರಿಕೆಯನ್ನು ತೋರಿಸುತ್ತದೆ. ಬದಲಾದದ್ದು ಮಾರಾಟವಾದ ಮನೆಗಳ ಮಿಶ್ರಣ ಮಾತ್ರ. ಸರಾಸರಿಯನ್ನು ತೆಗೆದುಕೊಂಡರೂ ಈ ತೊಂದರೆ ತಪ್ಪುವುದಿಲ್ಲ. ಇದೇ ಲೆಕ್ಕದಲ್ಲಿ ಅದೂ ಸುಮಾರು ಶೇಕಡಾ 14ರಷ್ಟು ಏರುತ್ತದೆ.

ಮಹಾನಗರಗಳ ಲೆಕ್ಕದಲ್ಲೂ ಒಂದು ತಿಂಗಳನ್ನು ಒಂಟಿಯಾಗಿ ನಂಬುವುದಿಲ್ಲ ಎಂಬುದನ್ನು ಗಮನಿಸಬೇಕು. ಅಮೆರಿಕದ ಮನೆ ಬೆಲೆಗಳನ್ನು ಅಳೆಯುವ ಕೇಸ್–ಶಿಲ್ಲರ್ ಸೂಚ್ಯಂಕ ನ್ಯೂಯಾರ್ಕ್, ಷಿಕಾಗೋದಂಥ ನಗರಗಳಿಗೂ ಮೂರು ತಿಂಗಳ ಚಲಿಸುವ ಸರಾಸರಿಯನ್ನೇ, ಅಂದರೆ ಪ್ರತಿ ತಿಂಗಳೂ ಅದನ್ನೂ ಹಿಂದಿನ ಎರಡು ತಿಂಗಳನ್ನೂ ಸೇರಿಸಿದ ಲೆಕ್ಕವನ್ನೇ, ಬಳಸುತ್ತದೆ, ಅದೂ ಎರಡು ತಿಂಗಳು ತಡವಾಗಿ ಹೊರಬರುತ್ತದೆ. ಲಕ್ಷಗಟ್ಟಲೆ ಮನೆಗಳಿರುವ ನಗರಕ್ಕೇ ಮೂರು ತಿಂಗಳು ಬೇಕಾದರೆ ಚಿಕ್ಕ ನಗರಕ್ಕೆ ಹನ್ನೆರಡು ತಿಂಗಳ ಮಾರಾಟವನ್ನು ಒಟ್ಟುಗೂಡಿಸಿ ನೋಡುವುದು ಅತಿಯಾದ ಎಚ್ಚರಿಕೆಯೇನಲ್ಲ. ಆಕಸ್ಮಿಕ ಏರುಪೇರನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಮಾರಾಟಗಳು ಬೇಕಾಗುತ್ತವೆ. ಹನ್ನೆರಡು ತಿಂಗಳ ಲೆಕ್ಕಕ್ಕೆ ಇನ್ನೊಂದು ಅನುಕೂಲವಿದೆ: ಮಳೆ, ಚಳಿ, ಶಾಲೆಯ ರಜೆಗಳಿಂದ ಪ್ರತಿವರ್ಷವೂ ಬರುವ ಏರಿಳಿತ ಅದರಲ್ಲಿ ತಾನಾಗಿಯೇ ಕರಗುತ್ತದೆ.

ಇಷ್ಟಾದ ಮೇಲೆ ಮಾಸಿಕ ವರದಿಯಿಂದ ಉಪಯೋಗವೇ ಇಲ್ಲವೇ? ಖಂಡಿತ ಇದೆ, ಆದರೆ ಬೆಲೆಯ ಕಾಲಂನಲ್ಲಿ ಅಲ್ಲ. ಮಾರುಕಟ್ಟೆ ತಣ್ಣಗಾಗುವಾಗ ಮೊದಲು ಕುಸಿಯುವುದು ಮಾರಾಟದ ಸಂಖ್ಯೆ; ಬೆಲೆ ಬಹಳ ಹಿಂದೆ ಉಳಿಯುತ್ತದೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಲು ಯಾರಿಗೂ ಮನಸ್ಸು ಬರುವುದಿಲ್ಲ, ಗಿರಾಕಿ ಸಿಗದಿದ್ದರೂ ಮಾಲೀಕರು ಹೇಳಿದ ಬೆಲೆಗೆ ಅಂಟಿಕೊಂಡು ಕಾಯುತ್ತಾರೆ. ಜೆನೆಸೋವ್ ಮತ್ತು ಮೇಯರ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ನಿನ ಅಪಾರ್ಟ್‌ಮೆಂಟ್ ಮಾರಾಟಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ: ನಷ್ಟದ ಅಂಚಿನಲ್ಲಿದ್ದ ಮಾಲೀಕರು ತಮಗಾಗಬಹುದಾದ ನಷ್ಟದ ಶೇಕಡಾ 25ರಿಂದ 35ರಷ್ಟನ್ನು ಹೇಳುವ ಬೆಲೆಗೆ ಸೇರಿಸುತ್ತಿದ್ದರು, ಅವರ ಮನೆಗಳು ಮಾರಾಟವಾಗಲು ಹೆಚ್ಚು ಕಾಲವೂ ಹಿಡಿಯುತ್ತಿತ್ತು. ಆದ್ದರಿಂದ ಮಾರಾಟಕ್ಕಿರುವ ಮನೆಗಳ ಸಂಖ್ಯೆಯನ್ನು ತಿಂಗಳ ಮಾರಾಟದಿಂದ ಭಾಗಿಸಿ ನೋಡಿ. 60 ಮನೆಗಳು ಮಾರಾಟಕ್ಕಿದ್ದು ತಿಂಗಳಿಗೆ 12 ಹೋಗುತ್ತಿದ್ದರೆ ಐದು ತಿಂಗಳ ದಾಸ್ತಾನು ಇದೆ ಎಂದರ್ಥ. ಸುಮಾರು ಆರು ತಿಂಗಳ ದಾಸ್ತಾನನ್ನು ಸಮತೋಲನವೆಂದು ಹೇಳುವ ರೂಢಿಯಿದೆ, ಆದರೆ ಒಂದೇ ಒಂದು ಅಪಾರ್ಟ್‌ಮೆಂಟ್ ಕಟ್ಟಡ ಪೂರ್ಣಗೊಂಡರೂ ಚಿಕ್ಕ ನಗರದಲ್ಲಿ ಈ ಅಂಕಿ ದಿಢೀರನೆ ಜಿಗಿಯುವುದರಿಂದ ನಾನು ಆರಕ್ಕಿಂತ ಅದು ಸಾಗುತ್ತಿರುವ ದಿಕ್ಕಿಗೆ ಹೆಚ್ಚು ಮಹತ್ವ ಕೊಡುತ್ತೇನೆ.

ಮನೆ ಎಷ್ಟು ದಿನದಲ್ಲಿ ಮಾರಾಟವಾಯಿತು ಎಂಬ ಅಂಕಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯವಾಗಿ ಅದು ಮಾರಾಟವಾದ ಮನೆಗಳ ಲೆಕ್ಕವಷ್ಟೆ. ವರ್ಷದಿಂದ ಗಿರಾಕಿಯಿಲ್ಲದೆ ನಿಂತಿರುವ ಮನೆ ಅದರಲ್ಲಿ ಕಾಣಿಸುವುದೇ ಇಲ್ಲ. ಅಲ್ಲದೆ, ಈ ತಿಂಗಳು ನೋಂದಣಿಯಾದ ಬೆಲೆಯನ್ನು ಎರಡೂ ಕಡೆಯವರು ಒಪ್ಪಿಕೊಂಡದ್ದು ಹಲವು ವಾರಗಳ ಹಿಂದೆ ಎಂಬುದೂ ನೆನಪಿರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ಕೆಲಸವನ್ನು ಕೈಯಾರೆ ಮಾಡುತ್ತಿದ್ದೆ. ಬೇಯ್ಲಿ, ಮತ್ ಮತ್ತು ನೌರ್ಸ್ ಎಂಬ ಅರ್ಥಶಾಸ್ತ್ರಜ್ಞರು 1963ರಲ್ಲಿ ಮಂಡಿಸಿದ, ಮುಂದೆ ಕೇಸ್ ಮತ್ತು ಶಿಲ್ಲರ್ ಬೆಳೆಸಿದ ವಿಧಾನವೆಂದರೆ ಒಂದೇ ಮನೆ ಎರಡು ಸಲ ಮಾರಾಟವಾದಾಗಿನ ಬೆಲೆಗಳನ್ನು ಹೋಲಿಸುವುದು. ಇದರಿಂದ ಮಿಶ್ರಣದ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ನೀವು ಕೊಳ್ಳಬೇಕೆಂದಿರುವ ಭಾಗದಲ್ಲಿ ಈಚೆಗೆ ಕೈಬದಲಾದ ಮನೆಗಳ ಪೈಕಿ ಹಿಂದೊಮ್ಮೆ ಮಾರಾಟವಾದವುಗಳನ್ನು ದಾಖಲೆಗಳಿಂದ ಆರಿಸಿ, ಎರಡೂ ಬೆಲೆಗಳನ್ನು ದಿನಾಂಕದೊಂದಿಗೆ ಬರೆದುಕೊಂಡು, ವರ್ಷಕ್ಕೆ ಎಷ್ಟು ಏರಿದೆ ಎಂದು ಲೆಕ್ಕ ಹಾಕಿ. ನಡುವೆ ಮಹಡಿ ಕಟ್ಟಿಸಿದ, ಅಡುಗೆಮನೆಯನ್ನು ಪೂರ್ತಿ ಹೊಸದಾಗಿಸಿದ ಮನೆಗಳನ್ನು ಕೈಬಿಡಿ, ಏಕೆಂದರೆ ಅಲ್ಲಿ ಏರಿದ್ದು ಮಾರುಕಟ್ಟೆಯೋ ಮನೆಯ ಮೇಲೆ ಸುರಿದ ಹಣವೋ ಎಂದು ಬೇರ್ಪಡಿಸಲಾಗದು. ಕಳೆದೆರಡು ವರ್ಷಗಳಿಂದ ಇಂಥ ಹತ್ತು ಜೋಡಿಗಳು ಸಿಕ್ಕಿದರೂ ಚೌಕಾಸಿಗೆ ಕೂರುವಾಗ ಅವು ನಿಮಗೆ ಆ ಶೇಕಡಾ 20ಕ್ಕಿಂತ ಹೆಚ್ಚು ನೆರವಾಗುತ್ತವೆ.