ಕಂಪನಿ ತಪ್ಪಿಂದ ಜನ ಸತ್ರೂ ಮೇಲಿನ ಬಾಸ್‌ಗಳು ಯಾಕೆ ಜೈಲಿಗೆ ಹೋಗಲ್ಲ?

ಹೋಗೋದು ತುಂಬಾ ಅಪರೂಪ, ಯಾಕಂದ್ರೆ ಕ್ರಿಮಿನಲ್ ಕೇಸಲ್ಲಿ ಕಂಪನಿ ತಪ್ಪು ಮಾಡ್ತು ಅಂದ್ರೆ ಸಾಲಲ್ಲ, ಇಂಥವ್ರಿಗೆ ಅಪಾಯ ಗೊತ್ತಿತ್ತು ಅಂತ ಸಾಮಾನ್ಯವಾಗಿ ಪ್ರೂವ್ ಮಾಡ್ಬೇಕಾಗತ್ತೆ. ದೊಡ್ಡ ಕಂಪನೀಲಿ ಡಿಸೈನ್ ಒಬ್ರದ್ದು, ಟೆಸ್ಟಿಂಗ್ ಇನ್ನೊಬ್ರದ್ದು, ಖರ್ಚು ಕಟ್ ಮಾಡೋರು ಮತ್ತೊಬ್ರು, ಹಂಗಾಗಿ ಪೂರ್ತಿ ವಿಷಯ ಯಾರಿಗೂ ಗೊತ್ತಿರಲ್ಲ (ಗೊತ್ತಿರ್ಲಿಲ್ಲ ಅಂತ ಲಾಯರ್ರಂತೂ ಹೇಳೇ ಹೇಳ್ತಾರೆ). ಬೋಯಿಂಗ್ ಕಂಪನಿಯ 737 ಮ್ಯಾಕ್ಸ್ ವಿಮಾನ ನೋಡಿ, 2018 ಮತ್ತು 2019ರ ಎರಡು ಅಪಘಾತದಲ್ಲಿ 346 ಜನ ಸತ್ರು, ಕ್ರಿಮಿನಲ್ ವಿಚಾರಣೆ ಎದುರಿಸಿದ್ದು ಕಂಪನಿಯ ಒಬ್ಬ ಟೆಕ್ನಿಕಲ್ ಪೈಲಟ್, ಅವ್ರೂ 2022ರಲ್ಲಿ ಖುಲಾಸೆ. ಆದ್ರೆ ಅಮೆರಿಕದ ಪೀನಟ್ ಕಾರ್ಪೊರೇಷನ್ ಅನ್ನೋ ಕಡಲೆಕಾಯಿ ಉತ್ಪನ್ನಗಳ ಕಂಪನಿ ಮುಖ್ಯಸ್ಥ ಸ್ಟೀವರ್ಟ್ ಪಾರ್ನೆಲ್‌ಗೆ 2015ರಲ್ಲಿ 28 ವರ್ಷ ಜೈಲು ಶಿಕ್ಷೆ ಆಯ್ತು, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದ್ದ ಮಾಲನ್ನ ಗೊತ್ತಿದ್ದೇ ಕಳಿಸಿದ್ರು ಅನ್ನೋದಕ್ಕೆ ಅವ್ರದ್ದೇ ಇಮೇಲ್‌ಗಳು ಸಾಕ್ಷಿಯಾದ್ವು.